ಕಾಲು ತುಳಿದ ದಾರಿ ಯಾರ ಸ್ವತ್ತು?

1887ರ ಅಕ್ಟೋಬರ್ 1, ಶನಿವಾರ. ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಕೆಸ್ವಿಕ್ ಎಂಬ ಪುಟ್ಟ ಪೇಟೆಯಿಂದ ಸುಮಾರು ಎರಡು ಸಾವಿರ ಜನ ಗುಂಪಾಗಿ ಹೊರಟರು. ಕೆಲವರ ಕೈಯಲ್ಲಿ ಹಾರೆ, ಕೊಡಲಿ, ಗರಗಸಗಳಿದ್ದವು. ನೋಡಿದವರಿಗೆ ದಂಗೆಯೆಂದೇ ಅನಿಸಬೇಕು. ಆದರೆ ಅವರಿಗೆ ಬೇಕಾಗಿದ್ದುದು ಬಹಳ ಸಣ್ಣ ಸಂಗತಿ. ಊರಿನ ಬೆನ್ನಿಗೇ ನಿಂತಿರುವ ಲ್ಯಾಟ್ರಿಗ್ ಗುಡ್ಡದ ನೆತ್ತಿಗೆ ನಡೆದುಹೋಗಿ, ಕೆಳಗಿನ ಸರೋವರವನ್ನು ಕಣ್ತುಂಬ ನೋಡಿ, ಮತ್ತೆ ಮನೆಗೆ ಬರುವುದು!

ಲ್ಯಾಟ್ರಿಗ್‌ನ ಎತ್ತರ ಕೇವಲ 368 ಮೀಟರ್. ಮಕ್ಕಳೂ ಮುದುಕರೂ ಹತ್ತಬಹುದಾದ ಗುಡ್ಡ. ತಲೆಮಾರುಗಳಿಂದ ಊರಿನವರು ಹತ್ತುತ್ತಲೇ ಬಂದಿದ್ದರು. ಆದರೆ ಜಮೀನಿನ ಮಾಲೀಕರು ದಾರಿಗೆ ಅಡ್ಡಲಾಗಿ ಬೇಲಿ ಹಾಕಿಸಿದ್ದರು. ಅಂದು ಜನ ಆ ಅಡ್ಡಗಟ್ಟುಗಳನ್ನು ಕಿತ್ತು ಪಕ್ಕಕ್ಕಿಟ್ಟು ಮೇಲೆ ಹತ್ತಿದರು.

ಈ ಘಟನೆಯ ಹಿಂದೆ ಒಂದು ಸರಳವಾದ, ಆದರೆ ಉತ್ತರಿಸಲು ಕಷ್ಟವಾದ ಪ್ರಶ್ನೆಯಿದೆ. ನೆಲ ಒಬ್ಬನದು, ಅದರ ಮೇಲೆ ದಾರಿ ಮಾಡಿದ ಕಾಲುಗಳು ಸಾವಿರಾರು ಜನರವು. ಹಾಗಿದ್ದರೆ ದಾರಿ ಯಾರದು? ಇಂದು ಜಗತ್ತಿನ ಮೂಲೆಮೂಲೆಗಳಿಂದ ಚಾರಣಿಗರನ್ನು ಸೆಳೆಯುವ ಲೇಕ್ ಡಿಸ್ಟ್ರಿಕ್ಟ್ ಎಂಬ ಸರೋವರ ಸೀಮೆಯ ಕಾಲುದಾರಿಗಳ ಇತಿಹಾಸವೆಂದರೆ ಈ ಒಂದು ಪ್ರಶ್ನೆಯ ಇತಿಹಾಸ.

ಬೆಟ್ಟ, ಕಣಿವೆ, ಕೊಳ

ಕಾಲೇಜಿನಲ್ಲಿ ವರ್ಡ್ಸ್‌ವರ್ತ್ ಕವಿಯನ್ನು ಓದಿದವರಿಗೆ ಈ ಸೀಮೆಯ ಹೆಸರು ಹೊಸದಲ್ಲ. ಕಂಬ್ರಿಯಾ ಪ್ರಾಂತದಲ್ಲಿ ಸುಮಾರು 2,362 ಚದರ ಕಿಲೋಮೀಟರ್ ವಿಸ್ತಾರದ ಈ ಪ್ರದೇಶ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2017ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ (978 ಮೀಟರ್) ಇಲ್ಲಿದೆ. ಅತಿ ದೊಡ್ಡ ಸರೋವರ ವಿಂಡರ್‌ಮಿಯರ್, ಅತಿ ಆಳದ ಸರೋವರ ವಾಸ್ಟ್‌ವಾಟರ್ ಎರಡೂ ಇಲ್ಲಿಯವೇ.

ಹಿಮಾಲಯವನ್ನು ಕಂಡವರಿಗೆ 978 ಮೀಟರ್ ಎಂದರೆ ನಗು ಬರಬಹುದು. ಆದರೆ ಈ ಬೆಟ್ಟಗಳು ಒರಟು. ಹಿಮಯುಗದಲ್ಲಿ ನೀರ್ಗಲ್ಲ ನದಿಗಳು ಬಂಡೆಯನ್ನು ಉಜ್ಜಿ ಕೆತ್ತಿದ ಕಡಿದಾದ ಗೋಡೆಗಳು, ಬೆಟ್ಟದ ಮಡಿಲಲ್ಲಿ ಸಣ್ಣ ಕೊಳಗಳು, ಉದ್ದನೆಯ ಕಣಿವೆಗಳು, ಕಣಿವೆಯ ತುಂಬ ಸರೋವರಗಳು. ಇಡೀ ಪ್ರದೇಶವನ್ನು ವರ್ಡ್ಸ್‌ವರ್ತ್ ಗಾಡಿಯ ಚಕ್ರಕ್ಕೆ ಹೋಲಿಸಿದ್ದಾನೆ. ಚಕ್ರದ ನಡುವಿನಿಂದ ಅಂಚಿಗೆ ಹೊರಟ ಕಡ್ಡಿಗಳ ಹಾಗೆ ಇಲ್ಲಿಯ ಕಣಿವೆಗಳು ಮಧ್ಯದ ಬೆಟ್ಟಸಾಲಿನಿಂದ ಸುತ್ತಲೂ ಹರಡಿವೆ.

ಈ ರಚನೆಯೇ ದಾರಿಗಳ ಹುಟ್ಟಿಗೆ ಕಾರಣ. ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ಹೋಗಬೇಕೆಂದರೆ ಎರಡೇ ಉಪಾಯ. ಕೆಳಗಿಳಿದು ದೊಡ್ಡ ಸುತ್ತು ಹಾಕಬೇಕು, ಇಲ್ಲವೇ ನಡುವಿನ ಬೆಟ್ಟವನ್ನು ಘಾಟಿಯಲ್ಲಿ ದಾಟಬೇಕು. ಕೆಲಸವಿದ್ದವರು ಯಾರೂ ಸುತ್ತು ಹಾಕುವುದಿಲ್ಲ.

ಕಲ್ಲುಕೊಡಲಿಯಿಂದ ಹೇರುಕುದುರೆಗೆ

ಇಲ್ಲಿಯ ಬೆಟ್ಟ ಹತ್ತಿದ ಮೊದಲಿಗರು ನೋಟ ಸವಿಯಲು ಹತ್ತಿದವರಲ್ಲ. ಗ್ರೇಟ್ ಲ್ಯಾಂಗ್ಡೇಲ್ ಕಣಿವೆಯ ಮೇಲಿರುವ ಪೈಕ್ ಆಫ್ ಸ್ಟಿಕಲ್ ಎಂಬ ಕಡಿದಾದ ಬೆಟ್ಟದಲ್ಲಿ ನವಶಿಲಾಯುಗದ ಕೊಡಲಿ ಕಾರ್ಖಾನೆಯೊಂದರ ಕುರುಹುಗಳಿವೆ. ಸುಮಾರು ಆರು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಹಸಿರು ಜ್ವಾಲಾಮುಖಿ ಶಿಲೆಯನ್ನು ಒಡೆದು ಕೊಡಲಿ ಮಾಡುತ್ತಿದ್ದರು. ಅಲ್ಲಿ ಮಾಡಿದ ಕೊಡಲಿಗಳು ಬ್ರಿಟನ್ನಿನ ಉದ್ದಗಲಕ್ಕೂ, ಕಡಲಾಚೆಯ ಐರ್ಲೆಂಡಿನಲ್ಲೂ ಸಿಕ್ಕಿವೆ. ಕೊಡಲಿಗಳು ತಾವಾಗಿ ನಡೆದುಹೋಗಲಿಲ್ಲ. ಅವನ್ನು ಹೊತ್ತ ಜನ ಬೆಟ್ಟದಿಂದ ಇಳಿದರು, ಘಾಟಿ ದಾಟಿದರು. ದಾರಿಗಳ ಮೊದಲ ಅಧ್ಯಾಯ ಅದು.

ಆಮೇಲೆ ಬಂದ ರೋಮನ್ನರು ಬೆಟ್ಟದ ಬೆನ್ನಿನ ಮೇಲೆಯೇ ರಸ್ತೆ ಹಾಕಿದರು. ಆಂಬಲ್‌ಸೈಡ್‌ನಲ್ಲಿದ್ದ ಕೋಟೆಯನ್ನು ಉತ್ತರದ ಬ್ರೂಮ್ ಕೋಟೆಗೆ ಸೇರಿಸುತ್ತಿದ್ದ ಆ ರಸ್ತೆ 828 ಮೀಟರ್ ಎತ್ತರದ ಬೆಟ್ಟವೊಂದನ್ನು ಹಾದುಹೋಗುತ್ತದೆ. ಆ ಬೆಟ್ಟಕ್ಕೆ ಇಂದಿಗೂ ಹೈ ಸ್ಟ್ರೀಟ್ ಎಂದೇ ಹೆಸರು. ಮೋಡ ಮುಸುಕಿದ ಬೋಳುಬೆಟ್ಟಕ್ಕೆ ಪೇಟೆಬೀದಿಯ ಹೆಸರು ಹೇಗೆ ಬಂತೆಂದು ಹೊಸಬರು ಬೆರಗಾಗುತ್ತಾರೆ. ಸೈನಿಕರು ಹೋದ ಮೇಲೆ ಕುರುಬರು ಅದೇ ದಾರಿ ಹಿಡಿದರು. ತಪ್ಪಿಸಿಕೊಂಡ ಕುರಿಗಳನ್ನು ಗುರುತಿಸಿ ಅವರವರಿಗೆ ಒಪ್ಪಿಸಲು ವರ್ಷಕ್ಕೊಮ್ಮೆ ಬೆಟ್ಟದ ಮೇಲೆ ಸೇರುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಆರಂಭದವರೆಗೂ ಅಲ್ಲಿ ಕುದುರೆ ಓಟ ನಡೆಯುತ್ತಿತ್ತು. ನಕ್ಷೆಗಳಲ್ಲಿ ಆ ಜಾಗಕ್ಕೆ ರೇಸ್‌ಕೋರ್ಸ್ ಹಿಲ್ ಎಂಬ ಹೆಸರು ಉಳಿದಿದೆ.

ಗಾಡಿ ಹೋಗಲಾರದ ಇಂಥ ನೆಲದಲ್ಲಿ ಸರಕು ಸಾಗಿಸಿದ್ದು ಹೇರುಕುದುರೆಗಳು. ಬೆನ್ನಿನ ಎರಡೂ ಕಡೆ ಮೂಟೆ ಹೊತ್ತು ಸಾಲಾಗಿ ನಡೆಯುವ ಗಿಡ್ಡ ಕುದುರೆಗಳು, ಮುಂದಿನದರ ಕೊರಳಲ್ಲಿ ಗಂಟೆ. ಕೆಂಡಲ್ ಪೇಟೆಯ ಉಣ್ಣೆ, ಬೆಟ್ಟದ ಕಲ್ಲುಹಲಗೆ, ತಾಮ್ರದ ಅದಿರು, ಬರೋಡೇಲ್ ಕಣಿವೆಯ ಪೆನ್ಸಿಲ್ ಸೀಸ ಎಲ್ಲವೂ ಹೀಗೆಯೇ ಸಾಗಿದವು. ಹಳ್ಳಗಳ ಮೇಲೆ ಆ ಕಾಲದಲ್ಲಿ ಕಟ್ಟಿದ ಕಮಾನು ಸೇತುವೆಗಳು ಈಗಲೂ ಇವೆ. ಅವುಗಳ ಪಕ್ಕದ ಗೋಡೆ ಮೊಣಕಾಲೆತ್ತರಕ್ಕಿಂತ ಹೆಚ್ಚಿಲ್ಲ. ಕುದುರೆಯ ಪಕ್ಕೆಯ ಮೂಟೆ ಗೋಡೆಗೆ ತಾಗಬಾರದಲ್ಲ! ಸೀತ್‌ವೇಟ್ ಬಳಿಯ ಸ್ಟಾಕ್ಲಿ ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಚಾರಣಿಗರು ನಿಂತಿರುವುದು ಹಳೆಯ ಸರಕು ಮಾರ್ಗದ ಮೇಲೆ.

ಹೆಣದ ದಾರಿ

ಈ ಸೀಮೆಯ ಕೆಲವು ದಾರಿಗಳಿಗೆ ಕಾರ್ಪ್ಸ್ ರೋಡ್, ಅಂದರೆ ಹೆಣದ ದಾರಿ ಎಂದು ಹೆಸರು. ಒಳಕಣಿವೆಯ ಹಳ್ಳಿಗಳಲ್ಲಿ ಪ್ರಾರ್ಥನೆಗೆ ಸಣ್ಣ ಚಾಪೆಲ್ ಇರುತ್ತಿತ್ತು. ಆದರೆ ಹೂಳುವ ಹಕ್ಕು ದೂರದ ಮಾತೃ ಚರ್ಚಿಗೆ ಮಾತ್ರ. ಆದ್ದರಿಂದ ಯಾರಾದರೂ ಸತ್ತರೆ ಶವವನ್ನು ಬೆಟ್ಟ ದಾಟಿಸಬೇಕಿತ್ತು. ವಾಸ್ಡೇಲ್ ಹೆಡ್ ಹಳ್ಳಿಯವರು ಬರ್ನ್‌ಮೂರ್ ಎಂಬ ಕೊಳದ ಪಕ್ಕದಿಂದ ಹಾದು ಎಸ್ಕ್‌ಡೇಲ್ ಕಣಿವೆಯ ಚರ್ಚಿಗೆ ಹೋಗುತ್ತಿದ್ದರು. ರೈಡಲ್, ಆಂಬಲ್‌ಸೈಡ್ ಕಡೆಯವರು ಗ್ರಾಸ್ಮಿಯರ್‌ಗೆ ಹೋಗುತ್ತಿದ್ದರು. ಆ ದಾರಿಯಲ್ಲಿ ಶವಪೆಟ್ಟಿಗೆಯನ್ನಿಟ್ಟು ದಣಿವಾರಿಸಿಕೊಳ್ಳುತ್ತಿದ್ದ ಚಪ್ಪಟೆ ಕಲ್ಲು ಈಗಲೂ ಇದೆ. ಅದೇ ದಾರಿಯಲ್ಲಿ ಇಂದು ಪ್ರವಾಸಿಗರು ವರ್ಡ್ಸ್‌ವರ್ತನ ಎರಡು ಮನೆಗಳ ನಡುವೆ ನಡೆಯುತ್ತಾರೆ.

ಬರ್ನ್‌ಮೂರ್ ದಾರಿಯ ಬಗ್ಗೆ ಒಂದು ಐತಿಹ್ಯವಿದೆ. ಯುವಕನೊಬ್ಬನ ಶವ ಹೊತ್ತ ಕುದುರೆ ಮಂಜಿನಲ್ಲಿ ಬೆದರಿ ಓಡಿಹೋಯಿತಂತೆ. ಎಷ್ಟು ಹುಡುಕಿದರೂ ಸಿಗಲಿಲ್ಲ. ಅದೇ ಕೊರಗಿನಲ್ಲಿ ತಾಯಿ ಸತ್ತಳು. ಅವಳ ಶವ ಹೊತ್ತ ಕುದುರೆಯೂ ಹಿಮಪಾತದಲ್ಲಿ ಅದೇ ಜಾಗದಲ್ಲಿ ಕಣ್ಮರೆಯಾಯಿತು. ಅವಳನ್ನು ಹುಡುಕಲು ಹೋದವರಿಗೆ ಮಗನ ಕುದುರೆ ಸಿಕ್ಕಿತು, ತಾಯಿಯದು ಸಿಗಲೇ ಇಲ್ಲ. ಮಂಜು ಕವಿದ ದಿನ ಪೆಟ್ಟಿಗೆ ಹೊತ್ತ ಕುದುರೆ ಕಾಣಿಸುತ್ತದೆ ಎಂದು ಹೇಳುವುದುಂಟು. ಕಥೆ ನಿಜವೋ ಸುಳ್ಳೋ, ಆ ದಾರಿಯಲ್ಲಿ ಹೆಣ ಹೊರುವ ಕಷ್ಟ ಎಂಥದಿತ್ತು ಎನ್ನುವುದು ಮಾತ್ರ ಅದರಲ್ಲಿ ದಾಖಲಾಗಿದೆ.

ಮಾರ್ಡೇಲ್ ಎಂಬ ಹಳ್ಳಿಯದು ಇನ್ನೂ ವಿಚಿತ್ರ ಕಥೆ. ಅಲ್ಲಿಯವರು ಶವವನ್ನು ಬೆಟ್ಟದಾಚೆಯ ಶ್ಯಾಪ್ ಊರಿಗೆ ಒಯ್ಯುತ್ತಿದ್ದರು. ಊರಿನ ಚರ್ಚಿಗೇ ಹೂಳುವ ಹಕ್ಕು ಸಿಕ್ಕಿದ ಮೇಲೆ ಅದು ನಿಂತಿತು. ಕೊನೆಯ ಶವ ಆ ದಾರಿಯಲ್ಲಿ ಹೋದದ್ದು 1736ರಲ್ಲಿ. ಎರಡು ಶತಮಾನ ಕಳೆದ ಮೇಲೆ ಮ್ಯಾಂಚೆಸ್ಟರ್ ನಗರಕ್ಕೆ ಕುಡಿಯುವ ನೀರು ಬೇಕಾಯಿತು. ಹಾಸ್‌ವಾಟರ್ ಸರೋವರಕ್ಕೆ ಅಣೆಕಟ್ಟು ಬಂತು, ಮಾರ್ಡೇಲ್ ಮುಳುಗಿತು. ಮುಳುಗುವ ಮುನ್ನ, 1935ರಲ್ಲಿ, ಚರ್ಚಿನ ಅಂಗಳದಿಂದ 97 ಶವಗಳನ್ನು ಹೊರತೆಗೆದು ಬೇರೆಡೆ ಹೂಳಲಾಯಿತು. ಎಲ್ಲಿ ಗೊತ್ತೆ? ಅದೇ ಶ್ಯಾಪ್‌ನಲ್ಲಿ. ಇಂದಿಗೂ ಬರಗಾಲದ ವರ್ಷಗಳಲ್ಲಿ ನೀರು ಇಳಿದಾಗ ಮಾರ್ಡೇಲಿನ ಕಲ್ಲುಗೋಡೆಗಳೂ ಹಳೆಯ ಓಣಿಗಳೂ ಮೇಲೇಳುತ್ತವೆ.

ಶವ ಹೊತ್ತು ಹಾದ ದಾರಿ ಶಾಶ್ವತವಾಗಿ ಎಲ್ಲರ ದಾರಿಯಾಗುತ್ತದೆ ಎಂಬ ನಂಬಿಕೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬಹುಕಾಲದಿಂದ ಇತ್ತು. ಕಾನೂನು ಇದನ್ನು ಒಪ್ಪಿಲ್ಲ. ಆದರೂ ನಂಬಿಕೆಯ ತಿರುಳು ಗಮನಿಸಬೇಕಾದ್ದು. ನಡೆದರೆ ಹಕ್ಕು ಹುಟ್ಟುತ್ತದೆ ಎಂದು ಜನ ತಿಳಿದಿದ್ದರು.

ಕವಿಗಳು ಬಂದರು

ಹದಿನೆಂಟನೇ ಶತಮಾನದ ಉತ್ತರಾರ್ಧದವರೆಗೆ ಹೊರಗಿನವರಿಗೆ ಈ ಬೆಟ್ಟಗಳೆಂದರೆ ಭಯ. ಅನಂತರ ಅಭಿರುಚಿ ಬದಲಾಯಿತು. ಕವಿ ಥಾಮಸ್ ಗ್ರೇ 1769ರಲ್ಲಿ ಬಂದು ಹೋದ. 1778ರಲ್ಲಿ ಥಾಮಸ್ ವೆಸ್ಟ್ ಎಂಬ ಪಾದ್ರಿ ಬರೆದ ಮಾರ್ಗದರ್ಶಿ ಪ್ರಕಟವಾಯಿತು. ಯಾವ ಸರೋವರವನ್ನು ಎಲ್ಲಿ ನಿಂತು ನೋಡಬೇಕೆಂದು ಆ ಪುಸ್ತಕ ಹೇಳಿಕೊಡುತ್ತಿತ್ತು. ಆ ಪ್ರವಾಸಿಗರು ಗಾಡಿಯಿಂದ ಇಳಿದು ನೋಡಿ ಮತ್ತೆ ಗಾಡಿ ಹತ್ತುವವರು.

ನಡಿಗೆಗೆ ಮಾನ ತಂದುಕೊಟ್ಟವರು ಮುಂದಿನ ತಲೆಮಾರಿನ ಕವಿಗಳು. 1802ರ ಆಗಸ್ಟ್‌ನಲ್ಲಿ ಕೋಲ್‌ರಿಜ್ ಒಬ್ಬಂಟಿಯಾಗಿ ಒಂಬತ್ತು ದಿನ ಬೆಟ್ಟಗಳಲ್ಲಿ ಅಲೆದ. ಸ್ಕಾಫೆಲ್ ಬೆಟ್ಟದ ಮೇಲೆ ಕುಳಿತು ಕಾಗದ ಬರೆದು, ದಾರಿಯೇ ಇಲ್ಲದ ಬಂಡೆಯ ಮೆಟ್ಟಿಲುಗಳಲ್ಲಿ ಜಾರುತ್ತ ಧುಮುಕುತ್ತ ಇಳಿದ. ಇಂದು ಹಗ್ಗವಿಲ್ಲದೆ ಇಳಿಯಬೇಡಿ ಎಂದು ಅನುಭವಿಗಳು ಎಚ್ಚರಿಸುವ ಜಾಗ ಅದು. 1818ರಲ್ಲಿ ವರ್ಡ್ಸ್‌ವರ್ತನ ತಂಗಿ ಡೊರತಿ, ಗೆಳತಿ ಮೇರಿ ಬಾರ್ಕರ್ ಜೊತೆಗೂಡಿ ಸ್ಕಾಫೆಲ್ ಪೈಕ್ ಏರಿದಳು. ಹೆಂಗಸರು ಬೆಟ್ಟ ಹತ್ತುವುದು ಅಪರೂಪವಾಗಿದ್ದ ಕಾಲ. ಆಕೆ ಬರೆದ ವಿವರಣೆಯನ್ನು ಅಣ್ಣ ಹೆಸರು ಹೇಳದೆ ತನ್ನ ಮಾರ್ಗದರ್ಶಿಯಲ್ಲಿ ಸೇರಿಸಿಕೊಂಡ. ವರ್ಡ್ಸ್‌ವರ್ತನಂತೂ ಜೀವಮಾನದಲ್ಲಿ ಒಂದು ಲಕ್ಷದ ಎಪ್ಪತ್ತೈದು ಸಾವಿರ ಮೈಲಿಗೂ ಹೆಚ್ಚು ನಡೆದಿರಬೇಕೆಂದು ಅವನನ್ನು ಬಲ್ಲ ಲೇಖಕ ಡಿ ಕ್ವಿನ್ಸಿ ಲೆಕ್ಕ ಹಾಕಿದ್ದ.

ಇಲ್ಲೊಂದು ವಿರೋಧಾಭಾಸವಿದೆ. ಈ ಸೀಮೆ ಒಂದು ಬಗೆಯ ರಾಷ್ಟ್ರೀಯ ಸ್ವತ್ತು, ನೋಡುವ ಕಣ್ಣು, ಸವಿಯುವ ಮನಸ್ಸು ಇರುವ ಪ್ರತಿಯೊಬ್ಬನಿಗೂ ಇದರಲ್ಲಿ ಹಕ್ಕಿದೆ ಎಂಬ ವಿಚಾರವನ್ನು ಮೊದಲು ಮುಂದಿಟ್ಟವನು ವರ್ಡ್ಸ್‌ವರ್ತನೇ. ಆದರೆ 1844ರಲ್ಲಿ ಕೆಂಡಲ್‌ನಿಂದ ವಿಂಡರ್‌ಮಿಯರ್‌ಗೆ ರೈಲು ತರುವ ಯೋಜನೆ ಬಂದಾಗ ಅದನ್ನು ಗಟ್ಟಿಯಾಗಿ ವಿರೋಧಿಸಿದವನೂ ಅವನೇ. ಕಾರ್ಖಾನೆ ಊರುಗಳಿಂದ ಕೂಲಿಕಾರರು ಹಿಂಡುಹಿಂಡಾಗಿ ಬಂದಿಳಿದರೆ ಅವರಿಗೂ ಪ್ರಯೋಜನವಿಲ್ಲ, ಬೆಟ್ಟಗಳಿಗೂ ಕೇಡು ಎಂಬುದು ಅವನ ವಾದ. ಎಲ್ಲರ ಸ್ವತ್ತು ಎಂದವನಿಗೆ ಎಲ್ಲರೂ ನಿಜವಾಗಿ ಬಂದುಬಿಟ್ಟರೆ ಏನು ಗತಿ ಎಂಬ ದಿಗಿಲು! 1847ರಲ್ಲಿ ರೈಲು ಬಂದೇ ಬಂತು. 1865ರಲ್ಲಿ ಇನ್ನೊಂದು ಮಾರ್ಗ ಕೆಸ್ವಿಕ್ಕನ್ನೂ ಮುಟ್ಟಿತು. ಮಿಲ್ಲಿನ ಕಾರ್ಮಿಕರು, ಗುಮಾಸ್ತರು, ಉಪಾಧ್ಯಾಯರು ರಜೆಯ ದಿನ ಬೆಟ್ಟ ಹತ್ತತೊಡಗಿದರು.

ಬೇಲಿ ಬಿದ್ದಿತು

ಜನ ಹೆಚ್ಚಿದಂತೆ ಬೇಲಿಗಳೂ ಹೆಚ್ಚಿದವು. ಲ್ಯಾಟ್ರಿಗ್ ಗುಡ್ಡ ಸ್ಪೆಡಿಂಗ್ ಮನೆತನದ ಜಮೀನು. ಪ್ರವಾಸಿಗರಿಂದ ಗಿಡಗಳು ಹಾಳಾಗುತ್ತಿವೆ ಎಂಬುದು ಮಾಲೀಕರ ದೂರು. ಅದು ಪೂರ್ತಿ ಸುಳ್ಳೂ ಆಗಿರಲಾರದು. ಆದರೆ ಊರಿನವರ ದೃಷ್ಟಿಯಲ್ಲಿ ತಾತ ಮುತ್ತಾತರ ಕಾಲದ ದಾರಿ ಮುಚ್ಚಿಹೋಗಿತ್ತು. ಡರ್ವೆಂಟ್‌ವಾಟರ್ ಸರೋವರದ ದಂಡೆಯ ಫಾ ಪಾರ್ಕ್ ಎಂಬ ಎಸ್ಟೇಟಿನಲ್ಲೂ ಅದೇ ಆಯಿತು.

ಕೆಸ್ವಿಕ್‌ನಲ್ಲಿ ಕಾಲುದಾರಿ ರಕ್ಷಣಾ ಸಂಘವೊಂದು ಕೆಲಸಕ್ಕಿಳಿಯಿತು. ಹಾರ್ಡ್‌ವಿಕ್ ರಾನ್ಸ್‌ಲಿ ಎಂಬ ಪಾದ್ರಿ ಅದರ ಅಧ್ಯಕ್ಷ. ಈ ಸೀಮೆಗೆ ಮಾರ್ಗದರ್ಶಿ ಪುಸ್ತಕ ಬರೆದಿದ್ದ ಹೆನ್ರಿ ಜೆಂಕಿನ್ಸನ್ ಕಾರ್ಯದರ್ಶಿ. 1887ರಲ್ಲಿ ಮೊದಲು ಫಾ ಪಾರ್ಕಿನ ಅಡ್ಡಗಟ್ಟುಗಳನ್ನು ಕೀಳಲಾಯಿತು. ಆಮೇಲೆ ಅಕ್ಟೋಬರ್ 1ರ ಲ್ಯಾಟ್ರಿಗ್ ನಡಿಗೆ. ಅದರ ಮುಂದಾಳುಗಳ ಸಾಲಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಕೂಡ ಇದ್ದ. ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ ನಾವಿಕರನ್ನು ಸಾಯಿಸುವುದರ ವಿರುದ್ಧ ಹೋರಾಡಿ, ಹಡಗಿನ ಪಕ್ಕೆಯ ಮೇಲೆ ಭಾರದ ಗೆರೆ ಎಳೆಸಿದ ಪಾರ್ಲಿಮೆಂಟ್ ಸದಸ್ಯನೆಂದು ಅವನು ದೇಶಕ್ಕೆಲ್ಲ ಗೊತ್ತಿದ್ದವನು.

ಇಲ್ಲಿ ಇಂಗ್ಲೆಂಡಿನ ಕಾನೂನಿನ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಒಂದು ದಾರಿಯಲ್ಲಿ ಸಾರ್ವಜನಿಕರು ಬಹುಕಾಲ, ಬಹಿರಂಗವಾಗಿ, ಯಾರ ಅಪ್ಪಣೆಯನ್ನೂ ಕೇಳದೆ ಓಡಾಡಿದ್ದರೆ, ಮಾಲೀಕ ಎಂದೋ ಆ ದಾರಿಯನ್ನು ಊರಿಗೆ ಬಿಟ್ಟುಕೊಟ್ಟಿದ್ದಾನೆ ಎಂದು ನ್ಯಾಯಾಲಯ ಊಹಿಸುತ್ತದೆ. ಹಾಗಾಗಿ ಇಂಥ ಮೊಕದ್ದಮೆಗಳಲ್ಲಿ ಪತ್ರಗಳಿಗಿಂತ ಊರಿನ ಹಿರಿಯರ ನೆನಪೇ ದೊಡ್ಡ ದಾಖಲೆ. ಚಿಕ್ಕಂದಿನಲ್ಲಿ ನಾನು ಇಲ್ಲಿ ನಡೆದಿದ್ದೆ, ಯಾರೂ ತಡೆದಿರಲಿಲ್ಲ ಎಂದು ಮುದುಕನೊಬ್ಬ ಹೇಳಿದರೆ ಅದಕ್ಕೆ ತೂಕವಿದೆ. ಬೇಲಿಯನ್ನು ಸುಮ್ಮನೆ ಒಪ್ಪಿಕೊಂಡು ಒಂದು ತಲೆಮಾರು ಕಳೆದರೆ ಹಾಗೆ ಹೇಳುವವರೇ ಉಳಿಯುವುದಿಲ್ಲ. ಕೆಸ್ವಿಕ್‌ನ ಜನ ಹಾರೆ ಹಿಡಿದು ಹೊರಟದ್ದು ಈ ಕಾರಣಕ್ಕೆ.

ಮಾಲೀಕರು ಕೋರ್ಟಿಗೆ ಹೋದರು. 1888ರಲ್ಲಿ ಕಾರ್ಲೈಲ್‌ನ ನ್ಯಾಯಾಲಯದಲ್ಲಿ ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಗುಡ್ಡದ ನೆತ್ತಿಗೆ ಹೋಗುವ ಮುಖ್ಯ ದಾರಿ ಸಾರ್ವಜನಿಕರದೆಂದು ಒಪ್ಪಿಗೆಯಾಯಿತು. ಉಳಿದ ಬೇಡಿಕೆಗಳನ್ನು ಸಂಘ ಬಿಟ್ಟುಕೊಟ್ಟಿತು. ಪೂರ್ತಿ ಗೆಲುವೇನೂ ಅಲ್ಲ. ಆದರೆ ನೆತ್ತಿಯ ದಾರಿ ಉಳಿಯಿತು.

ದುಡ್ಡು ಕೂಡಿಸಿ ಕೊಂಡ ಬೆಟ್ಟ

ಒಂದೊಂದು ದಾರಿಗೂ ಕೋರ್ಟು ಕಟ್ಟೆ ಹತ್ತುವುದು ಸಾಧ್ಯವಿಲ್ಲ ಎಂದು ರಾನ್ಸ್‌ಲಿಗೆ ಮನವರಿಕೆಯಾಗಿತ್ತು. ಥರ್ಲ್‌ಮಿಯರ್ ಸರೋವರವನ್ನು ಮ್ಯಾಂಚೆಸ್ಟರಿನ ನೀರಿಗಾಗಿ ಅಣೆಕಟ್ಟೆಯಾಗಿಸುವ ಯೋಜನೆಗೆ 1879ರಲ್ಲೇ ಪಾರ್ಲಿಮೆಂಟ್ ಒಪ್ಪಿತ್ತು, ವಿರೋಧಿಸಿದವರು ಸೋತಿದ್ದರು. 1894ರಲ್ಲಿ ಆ ನೀರು ನಗರ ತಲುಪಿತು. ಮರುವರ್ಷ, ಅಂದರೆ 1895ರಲ್ಲಿ, ರಾನ್ಸ್‌ಲಿ, ಬಡವರ ವಸತಿಗಾಗಿ ದುಡಿದಿದ್ದ ಆಕ್ಟೇವಿಯಾ ಹಿಲ್ ಮತ್ತು ವಕೀಲ ರಾಬರ್ಟ್ ಹಂಟರ್ ಮೂವರೂ ಸೇರಿ ನ್ಯಾಷನಲ್ ಟ್ರಸ್ಟ್ ಸ್ಥಾಪಿಸಿದರು. ಅವರ ಉಪಾಯ ನೇರವಾದದ್ದು. ನೆಲದ ಒಡೆಯನೇ ದಾರಿ ಮುಚ್ಚುವವನಾದರೆ, ಜನರ ಪರವಾಗಿ ನೆಲವನ್ನೇ ಕೊಂಡುಬಿಡುವುದು!

1902ರಲ್ಲಿ ಡರ್ವೆಂಟ್‌ವಾಟರ್ ದಂಡೆಯ ಬ್ರಾಂಡಲ್‌ಹೌ ಎಂಬ 108 ಎಕರೆ ಕಾಡು ಮಾರಾಟಕ್ಕೆ ಬಂದಾಗ ಸಾರ್ವಜನಿಕ ವಂತಿಗೆಯಿಂದ 6,500 ಪೌಂಡ್ ಕೂಡಿಸಿ ಕೊಳ್ಳಲಾಯಿತು. ಈ ಸೀಮೆಯಲ್ಲಿ ಟ್ರಸ್ಟಿನ ಮೊದಲ ಖರೀದಿ ಅದು. ಮಕ್ಕಳ ಕಥೆಗಳಿಂದ ಹೆಸರಾದ ಬಿಯಾಟ್ರಿಕ್ಸ್ ಪಾಟರ್ ತನ್ನ ಪುಸ್ತಕಗಳ ಹಣದಿಂದ ಇಲ್ಲಿಯ ಜಮೀನುಗಳನ್ನು ಒಂದೊಂದಾಗಿ ಕೊಂಡಳು. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ನೆಲವನ್ನು ಟ್ರಸ್ಟಿಗೆ ಬಿಟ್ಟುಹೋದಳು.

ಮೊದಲ ಮಹಾಯುದ್ಧದ ಅನಂತರ ನಡೆದದ್ದು ಇನ್ನೂ ಮನಮುಟ್ಟುವಂಥದು. 1919ರಲ್ಲಿ ಲಾರ್ಡ್ ಲೆಕನ್‌ಫೀಲ್ಡ್ ಸ್ಕಾಫೆಲ್ ಪೈಕ್ ಶಿಖರವನ್ನು ಯುದ್ಧದಲ್ಲಿ ಮಡಿದ ಈ ಸೀಮೆಯವರ ನೆನಪಿಗೆ ದೇಶಕ್ಕೆ ಕೊಟ್ಟ. ಯುದ್ಧದಲ್ಲಿ ಇಪ್ಪತ್ತು ಸದಸ್ಯರನ್ನು ಕಳೆದುಕೊಂಡಿದ್ದ ಫೆಲ್ ಅಂಡ್ ರಾಕ್ ಕ್ಲೈಂಬಿಂಗ್ ಕ್ಲಬ್, ಗ್ರೇಟ್ ಗೇಬಲ್ ಮತ್ತು ಸುತ್ತಲಿನ ಬೆಟ್ಟಗಳಲ್ಲಿ 1,500 ಅಡಿಗಿಂತ ಮೇಲಿನ ಸುಮಾರು ಮೂರು ಸಾವಿರ ಎಕರೆ ನೆಲವನ್ನು ಕೊಂಡು 1923ರಲ್ಲಿ ಟ್ರಸ್ಟಿಗೆ ಒಪ್ಪಿಸಿತು. 1924ರ ಜೂನ್‌ನಲ್ಲಿ ಗ್ರೇಟ್ ಗೇಬಲ್ ನೆತ್ತಿಯ ಬಂಡೆಗೆ ಮಡಿದವರ ಹೆಸರುಗಳ ಕಂಚಿನ ಫಲಕ ಹಾಕಿದರು. ಈಗಲೂ ಪ್ರತಿ ನವೆಂಬರಿನಲ್ಲಿ ಹುತಾತ್ಮರ ಸ್ಮರಣೆಯ ಭಾನುವಾರ ಮಳೆ ಗಾಳಿ ಲೆಕ್ಕಿಸದೆ ನೂರಾರು ಜನ ಅಲ್ಲಿಗೆ ಹತ್ತಿ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ.

ಕಾನೂನು ಬದಲಾಗಲು ಇನ್ನಷ್ಟು ಕಾಲ ಬೇಕಾಯಿತು. ದಕ್ಷಿಣದ ಪೀಕ್ ಡಿಸ್ಟ್ರಿಕ್ಟ್ ಎಂಬ ಇನ್ನೊಂದು ಬೆಟ್ಟಸೀಮೆಯಲ್ಲಿ 1932ರ ಏಪ್ರಿಲ್ 24ರಂದು ಕಾರ್ಮಿಕ ಯುವಕರು ಬೇಟೆಗೆ ಮೀಸಲಾಗಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದರು. ಅವರಲ್ಲಿ ಐವರಿಗೆ ಜೈಲಾಯಿತು. ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದ ದಾರಿ ಸಾರ್ವಜನಿಕ ದಾರಿ ಎಂಬ ನಿಯಮ ಶಾಸನದಲ್ಲಿ ಬಂದದ್ದೂ 1932ರಲ್ಲಿಯೇ. 1949ರ ಶಾಸನ ರಾಷ್ಟ್ರೀಯ ಉದ್ಯಾನಗಳಿಗೆ ಅವಕಾಶ ಕೊಟ್ಟಿತು, ಪ್ರತಿ ಜಿಲ್ಲಾಡಳಿತವೂ ತನ್ನ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಬೇಕೆಂದಿತು. 2000ದ ಶಾಸನ ಬೆಟ್ಟ, ಬೋಳುನೆಲ, ಗೋಮಾಳಗಳಲ್ಲಿ ದಾರಿ ಬಿಟ್ಟು ಅಡ್ಡಾಡುವ ಹಕ್ಕನ್ನೂ ಕೊಟ್ಟಿತು.

ಖಜಾಂಚಿಯ ಏಳು ಪುಸ್ತಕ

ಹಕ್ಕು ಸಿಕ್ಕಿತು. ಅದನ್ನು ಬಳಸಲು ಜನರಿಗೆ ಕೈಹಿಡಿದು ದಾರಿ ತೋರಿದವನು ಆಲ್‌ಫ್ರೆಡ್ ವೇನ್‌ರೈಟ್. 1907ರಲ್ಲಿ ಬ್ಲ್ಯಾಕ್‌ಬರ್ನ್ ಎಂಬ ಹತ್ತಿಗಿರಣಿಗಳ ಊರಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವನು. 1930ರಲ್ಲಿ ರಜೆಗೆಂದು ಬಂದು ವಿಂಡರ್‌ಮಿಯರ್ ಮೇಲಿನ ಓರೆಸ್ಟ್ ಹೆಡ್ ಎಂಬ ಪುಟ್ಟ ಗುಡ್ಡ ಹತ್ತಿದ. ಅಲ್ಲಿಂದ ಕಂಡ ನೋಟ ಅವನ ಬಾಳನ್ನೇ ತಿರುಗಿಸಿತು. ಕಾರ್ಖಾನೆ ಊರುಗಳಿಂದ ಬರುವವರಿಗೆ ಬೆಟ್ಟ ರುಚಿಸುವುದಿಲ್ಲ ಎಂದಿದ್ದ ವರ್ಡ್ಸ್‌ವರ್ತನ ಶಂಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಆತ ಕೆಂಡಲ್ ಪುರಸಭೆಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಖಜಾಂಚಿಯಾದ. ಕಾರು ಓಡಿಸಲು ಕಲಿಯಲಿಲ್ಲ. ವಾರಾಂತ್ಯಗಳಲ್ಲಿ ಬಸ್ಸಿನಲ್ಲಿ ಹೋಗಿ ಬೆಟ್ಟ ಹತ್ತುವುದು, ಸಂಜೆ ಮನೆಯಲ್ಲಿ ಕುಳಿತು ಬರೆಯುವುದು. 1952ರ ನವೆಂಬರಿನಲ್ಲಿ ಶುರುಮಾಡಿ 1955ರಿಂದ 1966ರವರೆಗೆ ಏಳು ಸಂಪುಟಗಳನ್ನು ಹೊರತಂದ. ಅವುಗಳಲ್ಲಿ 214 ಬೆಟ್ಟಗಳಿವೆ. ಅಚ್ಚಿನ ಮೊಳೆಯನ್ನು ಬಳಸದೆ ಪ್ರತಿ ಪುಟದ ಅಕ್ಷರ, ಚಿತ್ರ, ನಕ್ಷೆ ಎಲ್ಲವನ್ನೂ ಲೆಕ್ಕಪತ್ರದ ಅಚ್ಚುಕಟ್ಟಿನಲ್ಲಿ ಕೈಯಿಂದಲೇ ಬರೆದ. ಇಂದು ಆ ಎಲ್ಲ ಬೆಟ್ಟಗಳನ್ನು ಹತ್ತಿ ಮುಗಿಸುವುದನ್ನು ಸಾವಿರಾರು ಜನ ವ್ರತದಂತೆ ಕೈಗೊಳ್ಳುತ್ತಾರೆ. 1991ರಲ್ಲಿ ತೀರಿಕೊಂಡಾಗ ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಹೇಸ್ಟ್ಯಾಕ್ಸ್ ಬೆಟ್ಟದ ಮೇಲಿನ ಹೆಸರಿಲ್ಲದ ಕೊಳದ ಬಳಿ ಬಿಡಲಾಯಿತು. ಅದರ ಹೆಸರೇ ಇನ್ನಾಮಿನೇಟ್ ಟಾರ್ನ್, ಅಂದರೆ ಹೆಸರಿಲ್ಲದ ಕೊಳ.

ದಾರಿಯೇ ಸವೆದಾಗ

ಇಷ್ಟೆಲ್ಲ ಹೋರಾಟದ ಫಲವಾಗಿ ದಾರಿ ಎಲ್ಲರದಾಯಿತು. ಎಲ್ಲರೂ ಬಂದರು. ಇಂದು ವರ್ಷಕ್ಕೆ ಅಂದಾಜು 1.8 ಕೋಟಿ ಪ್ರವಾಸಿಗರು ಬರುವ ಈ ಉದ್ಯಾನದ ಒಳಗೆ ವಾಸಿಸುವವರು ಸುಮಾರು ನಲವತ್ತು ಸಾವಿರ ಮಾತ್ರ. ಬೂಟುಗಾಲುಗಳು ಹುಲ್ಲನ್ನು ಸವೆಸುತ್ತವೆ, ಹುಲ್ಲು ಹೋದ ಮಣ್ಣನ್ನು ಮಳೆ ಕೊಚ್ಚುತ್ತದೆ. ಕೆಸರಾದ ದಾರಿಯನ್ನು ತಪ್ಪಿಸಲು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ದಾರಿ ಅಗಲವಾಗುತ್ತ ಹೋಗುತ್ತದೆ. ಒಂದಾಳಿನ ಕಾಲುದಾರಿ ದೂರದಿಂದ ನೋಡಿದರೆ ಬೆಟ್ಟದ ಮೈಮೇಲಿನ ಗಾಯದಂತೆ ಕಾಣುತ್ತದೆ.

2001ರಲ್ಲಿ ಶುರುವಾದ ಫಿಕ್ಸ್ ದ ಫೆಲ್ಸ್ ಎಂಬ ಯೋಜನೆ ಇಂಥ ಗಾಯಗಳಿಗೆ ಮದ್ದು ಹಾಕುತ್ತಿದೆ. 300ಕ್ಕೂ ಹೆಚ್ಚು ಬೆಟ್ಟದಾರಿಗಳು ಅದರ ಹೊಣೆ. ಟ್ರಸ್ಟಿನ ಕೆಲಸಗಾರರು, ಸ್ವಯಂಸೇವಕರು ಗುದ್ದಲಿ ಹಿಡಿದು ಹೋಗಿ ನೀರಿನ ಕಾಲುವೆಗಳನ್ನು ಬಿಡಿಸುತ್ತಾರೆ, ಹೇರುಕುದುರೆಗಳ ಕಾಲದ ಹಾಗೆ ಕಲ್ಲುಗಳನ್ನು ಒಂದಕ್ಕೊಂದು ಒತ್ತಿ ನೆಟ್ಟು ಮೆಟ್ಟಿಲು ಕಟ್ಟುತ್ತಾರೆ. ಎತ್ತರದ ಜಾಗಗಳಿಗೆ ಕಲ್ಲು ಹೆಲಿಕಾಪ್ಟರಿನಲ್ಲಿ ಹೋಗುತ್ತದೆ. ಜವುಗು ನೆಲದಲ್ಲಿ ದಾರಿಯ ಅಡಿಗೆ ಕುರಿಯ ಉಣ್ಣೆ ಹಾಸುವ ಹಳೆಯ ವಿಧಾನವನ್ನೂ ಮತ್ತೆ ಬಳಸಿದ್ದಾರೆ. ಆದರೂ ಪ್ರಕೃತಿ ಸುಮ್ಮನಿರುವುದಿಲ್ಲ. 2015ರ ಡಿಸೆಂಬರ್ 5ರಂದು ಡೆಸ್ಮಂಡ್ ಚಂಡಮಾರುತ ಬಂದಾಗ ಇಲ್ಲಿಯ ಹೊನಿಸ್ಟರ್ ಘಾಟಿಯಲ್ಲಿ 24 ಗಂಟೆಗಳಲ್ಲಿ 341.4 ಮಿಲಿಮೀಟರ್ ಮಳೆ ಸುರಿಯಿತು. ಬ್ರಿಟನ್ನಿನ ಮಟ್ಟಿಗೆ ಅದು ದಾಖಲೆ. ಅನೇಕ ದಾರಿಗಳು ಕೊಚ್ಚಿಹೋದವು.

ಸ್ಥಳೀಯರ ಪಾಡನ್ನೂ ಮರೆಯುವಂತಿಲ್ಲ. ಇಲ್ಲಿಯ ಹರ್ಡ್‌ವಿಕ್ ತಳಿಯ ಕುರಿಗಳಿಗೆ ಬೆಟ್ಟದ ಮೇಲೆ ಬೇಲಿಯಿಲ್ಲ. ತಾಯಿಯ ಹಿಂದೆ ಅಲೆಯುತ್ತ ಮರಿ ತನ್ನ ಹಿಂಡಿನ ಮೇವಿನ ಎಲ್ಲೆಯನ್ನು ಕಲಿಯುತ್ತದೆ, ಮುಂದೆ ತನ್ನ ಮರಿಗೆ ಕಲಿಸುತ್ತದೆ. 2001ರಲ್ಲಿ ಕಾಲುಬಾಯಿ ಜ್ವರ ಬಂದಾಗ ಅತಿ ಹೆಚ್ಚು ಪೆಟ್ಟು ತಿಂದ ಪ್ರಾಂತ ಕಂಬ್ರಿಯಾ. ಹಿಂಡುಗಟ್ಟಲೆ ಕುರಿಗಳನ್ನು ಕೊಲ್ಲಬೇಕಾಯಿತು. ರೋಗ ಹರಡದಿರಲೆಂದು ತಿಂಗಳುಗಟ್ಟಲೆ ಕಾಲುದಾರಿಗಳನ್ನು ಮುಚ್ಚಲಾಯಿತು. ಶತಮಾನಗಳ ಜಗಳದಲ್ಲಿ ಯಾವ ಜಮೀನ್ದಾರನಿಗೂ ಆಗದ ಕೆಲಸ ಅದು. ಅಂದು ಬೆಟ್ಟಗಳು ನಿರ್ಜನವಾಗಿದ್ದವು, ಹೋಟೆಲುಗಳೂ ಖಾಲಿಯಾಗಿದ್ದವು. ದಾರಿ, ಕುರಿ, ಕುರುಬ, ಚಾರಣಿಗ ಎಲ್ಲ ಒಂದೇ ಹಗ್ಗದ ಎಳೆಗಳೆಂದು ಆಗ ಎಲ್ಲರಿಗೂ ಅರಿವಾಯಿತು.

ದಾರಿ ಯಾರಿಗಾಗಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕೆಸ್ವಿಕ್‌ನ ಹಳೆಯ ರೈಲು ಮಾರ್ಗ 1972ರಲ್ಲಿ ಮುಚ್ಚಿದ ಮೇಲೆ ನಡಿಗೆಯ ದಾರಿಯಾಗಿತ್ತು. ಡೆಸ್ಮಂಡ್ ಅದನ್ನೂ ಹಾಳುಮಾಡಿತು. 2020ರ ಡಿಸೆಂಬರಿನಲ್ಲಿ ಅದು ಮತ್ತೆ ತೆರೆಯಿತು. ಅದಕ್ಕೆ ಟಾರು ಹಾಕಿದ್ದು ಸರಿಯಲ್ಲ, ಬೆಟ್ಟಸೀಮೆ ಪಟ್ಟಣದ ಪಾರ್ಕಾಗುತ್ತಿದೆ ಎಂದು ಕೆಲವರು ಸಿಟ್ಟಾದರು. ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು ಬರುವುದು ಬೇಡವೇ ಎಂದು ಇನ್ನು ಕೆಲವರು ಕೇಳಿದರು. ವರ್ಡ್ಸ್‌ವರ್ತನ ಕಾಲದ ವಾದವೇ ಬೇರೆ ವೇಷದಲ್ಲಿ ಬಂದಂತಿದೆ.

ಈ ಪ್ರಶ್ನೆಗೆ ಲ್ಯಾಟ್ರಿಗ್ ಗುಡ್ಡದಲ್ಲಿ ಒಂದು ಉತ್ತರ ಸಿಗುತ್ತದೆ. ಗುಡ್ಡದ ಹಿಂಬದಿಯ ವಾಹನ ನಿಲ್ದಾಣದಿಂದ ಮೇಲಕ್ಕೆ ಈಗ ನಯವಾದ ಇಳಿಜಾರಿನ ದಾರಿಯೊಂದಿದೆ. ಏಣಿಗೇಟುಗಳ ಅಡ್ಡಿಯಿಲ್ಲದೆ ಎಲ್ಲರೂ ಹೋಗಬಹುದಾದ ದಾರಿಗಳ ಪಟ್ಟಿಯಲ್ಲಿ ಉದ್ಯಾನದ ಆಡಳಿತ ಅದನ್ನು ಸೇರಿಸಿದೆ. ನಡೆಯಲಾರದವರು ಗಾಲಿಕುರ್ಚಿಯಲ್ಲಿ ಕುಳಿತೇ ಮೇಲೆ ಹೋಗಿ, 1887ರ ಆ ಶನಿವಾರ ಎರಡು ಸಾವಿರ ಜನ ಬೇಲಿ ಕಿತ್ತು ನೋಡಿದ ಅದೇ ಸರೋವರವನ್ನು ನೋಡುತ್ತಾರೆ. ಅಂದು ಹಾರೆ ಹಿಡಿದವರು ದಾರಿಯನ್ನು ತೆರೆದರು. ಇಂದು ಗುದ್ದಲಿ ಹಿಡಿದವರು ಅದನ್ನು ಉಳಿಸುತ್ತಿದ್ದಾರೆ. ದಾರಿ ಎಲ್ಲರದಾದ ಮೇಲೆ ಅದರ ರಿಪೇರಿಯೂ ಎಲ್ಲರದೇ ಅಲ್ಲವೇ?